ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತವಳು

ಅಕ್ಕನ ಮಗಳು ಫೋನನ್ನು ನೀರಿನ ಲೋಟಕ್ಕೆ ಆನಿಸಿ ನಿಲ್ಲಿಸಿದಳು. ಅದು ಅಲ್ಲಿ ಇಲ್ಲವೇ ಇಲ್ಲ ಅಂದುಕೊಂಡು ಮಾತಾಡಬೇಕು ಎಂದಳು. ಚಿಕ್ಕಮ್ಮ ಆಗಲಿ ಎಂದು ತಲೆಯಾಡಿಸಿದಳು. ಆದರೆ ಕಣ್ಣೆದುರಿಗೇ ನಿಂತು ಕೆಂಪು ಚುಕ್ಕೆ ಮಿಟುಕಿಸುತ್ತಿರುವುದನ್ನು ಇಲ್ಲ ಅಂದುಕೊಳ್ಳುವುದು ಅವಳಿಂದಾಗಲಿಲ್ಲ. ಯಾರೋ ಪರವೂರಿನ ನೆಂಟರು ಬಂದು ತನ್ನ ಬಾಯನ್ನೇ ನೋಡುತ್ತಾ ಕೂತ ಹಾಗಾಯಿತು. ಗಂಟಲು ಸರಿಮಾಡಿಕೊಂಡಳು. ಗಂಟಲು ಒಣಗಿತೆಂದು ನೀರಿಗೆ ಕೈ ಹಾಕಿ ಫೋನನ್ನೇ ಮಗುಚಿದಳು.

"ಗೋಡೆ ತಣ್ಣಗಿದೆ, ಬೆನ್ನಿಗೆ ದಿಂಬು ಇಟ್ಕೋ" ಎಂದು ಮಗಳು ದಿಂಬು ತಂದುಕೊಟ್ಟು, ಫೋನನ್ನು ಮತ್ತೆ ನಿಲ್ಲಿಸಿದಳು. ಆ ಗೋಡೆಯ ಆಚೆ ಬದಿಗೆ ನೀರಿನ ತೊಟ್ಟಿ ಇತ್ತು. ಬೇಸಿಗೆಯಲ್ಲೂ ಅದು ತಣ್ಣಗೇ ಇರುತ್ತಿತ್ತು.

ನೂಲಿನ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹತ್ತಿ ಹೊಲಗಳ ಅಂಚಿನಲ್ಲಿ ಅದರ ಉದ್ದನೆಯ ಶೆಡ್ಡು ಇನ್ನೂ ನಿಂತಿತ್ತು. ಈಗ ಅದರೊಳಗೆ ಯಾರೋ ಮೇವು ತುಂಬಿದ್ದರು. ಅಲ್ಲಿ ದುಡಿದ ಹೆಂಗಸರು ಬದುಕಿರುವಾಗಲೇ ಅವರ ಮಾತುಗಳನ್ನು ಕೇಳಿ ಒಂದು ಪುಸ್ತಕ ಮಾಡಬೇಕೆಂದು ಊರಿನ ಮಹಿಳಾ ಸಂಘದವರು ಹೊರಟಿದ್ದರು. ಕೇಳುವ ಕೆಲಸ ಅಕ್ಕನ ಮಗಳ ಪಾಲಿಗೆ ಬಂದಿತ್ತು. ಅವಳು ಮನೆಮನೆ ಸುತ್ತಿ, ಕಿವಿ ಕೇಳಿಸದವರ ಹತ್ತಿರ ಕೂಗಿ, ಹೇಳಿದ್ದನ್ನೇ ಹೇಳುವವರ ಹತ್ತಿರ ತಾಳ್ಮೆಯಿಂದ ಕೂತು, ಚಿಕ್ಕಮ್ಮನನ್ನು ಕೊನೆಗೆ ಉಳಿಸಿಕೊಂಡಿದ್ದಳು. ಮನೆಯವಳಲ್ಲವೇ, ಎಲ್ಲಿಗೆ ಹೋಗುತ್ತಾಳೆ. ಪುಸ್ತಕದ ಮೊದಲ ಅಧ್ಯಾಯ ಮಾತ್ರ ಯಾರದ್ದೆಂದು ಆಗಲೇ ತೀರ್ಮಾನವಾಗಿತ್ತು. ಅದು ಅವಳ ಅಮ್ಮನದು. ಹೋದ ವರ್ಷ ತೀರಿಕೊಂಡ ಅಮ್ಮ ಓಡುತ್ತಿದ್ದ ಮಿಲ್ಲನ್ನು ಒಂದು ದಿನ ನಿಲ್ಲಿಸಿದವಳೆಂದು ಮಗಳು ಹುಟ್ಟಿದಂದಿನಿಂದ ಕೇಳಿಕೊಂಡು ಬಂದಿದ್ದಳು.

ಇದು ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಅವಳು ತನ್ನ ಪಾಡಿಗೆ ಶುರು ಮಾಡಿದಳು. ಮೊದಲು ಹತ್ತಿಯ ಧೂಳು. ಮೂಗು, ಬಾಯಿ, ತಲೆ ಎಲ್ಲಕ್ಕೂ ಬಟ್ಟೆ ಸುತ್ತಿಕೊಂಡರೂ ಸಂಜೆ ಉಗುಳಿದರೆ ನೂಲೇ ಬರುತ್ತಿತ್ತು. ಆಮೇಲೆ ಸದ್ದು. ಶೆಡ್ಡಿನ ತುದಿಯಲ್ಲಿ ಒಂದೇ ಒಂದು ಮೋಟಾರು. ಅದು ಸೂರಿನ ಕೆಳಗಿನ ಉದ್ದನೆಯ ಕಬ್ಬಿಣದ ಕಂಬಿಯನ್ನು ತಿರುಗಿಸುತ್ತಿತ್ತು. ಆ ಕಂಬಿಯಿಂದ ಒಂದೊಂದು ಯಂತ್ರಕ್ಕೂ ಒಂದೊಂದು ತೊಗಲಿನ ಬೆಲ್ಟು ಇಳಿದಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಸದ್ದು. ಬೆಲ್ಟುಗಳಿಗೆ ಯಾವ ಮರೆಯೂ ಇರಲಿಲ್ಲ. ಪಕ್ಕದ ಯಂತ್ರದ ಹುಡುಗಿಗೆ ಮಂಡಿ ಮುಟ್ಟುವ ಜಡೆ, ಅದಕ್ಕೇ ಅವಳನ್ನು ಉದ್ದಜಡೆ ಎನ್ನುತ್ತಿದ್ದರು. ಒಂದು ದಿನ ಅವಳು ಬಗ್ಗಿ ಏಳುವಾಗ ಜಡೆ ತಲೆಬಟ್ಟೆಯಿಂದ ಜಾರಿ ಬೆಲ್ಟಿಗೆ ಸಿಕ್ಕಿತು.

ಇಲ್ಲಿಗೆ ಬರುವಾಗ ಚಿಕ್ಕಮ್ಮ ಫೋನನ್ನು ಮರೆತಿದ್ದಳು.

"ಸ್ವಿಚ್ಚು ಮುಟ್ಟೋದು ಮೇಸ್ತ್ರಿ ಒಬ್ಬನೇ. ನಾವು ಮುಟ್ಟೋ ಹಾಗಿಲ್ಲ. ನಾನು ಓಡಿಹೋಗಿ ಎಳೆದುಬಿಟ್ಟೆ. ಎಲ್ಲ ನಿಂತುಹೋಯ್ತು. ಅವಳ ಜಡೆ ಕತ್ತರಿಸಿ ಬಿಡಿಸಿದ್ರು. ಮೇಸ್ತ್ರಿ ಬಂದು, ಆಯ್ತಲ್ಲ, ಇನ್ನು ಮೋಟಾರು ಹಚ್ಚಿ ಅಂದ. ನಾನು ಆ ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ತಣ್ಣನೆ ಕಬ್ಬಿಣ, ಬೆನ್ನಿಗೆ ಹತ್ತಿತು. ಬೆಲ್ಟಿಗೆಲ್ಲ ಜಾಲರಿ ಹಾಕೋ ತನಕ ಏಳಲ್ಲ ಅಂದೆ. ಒಬ್ಬೊಬ್ಬರೇ ಬಂದು ನನ್ನ ಪಕ್ಕ ಕೂತರು."

ಮಗಳು ಕೈಚಾಚಿ ಫೋನು ಆರಿಸಿದಳು.

"ಚಿಕ್ಕಮ್ಮ, ಅದು ಅಮ್ಮ ಅಲ್ವಾ?"

ಚಿಕ್ಕಮ್ಮ ನಕ್ಕಳು. ನಿನಗೆಲ್ಲೋ ತಲೆಕೆಟ್ಟಿದೆ ಎಂದಳು. ಆ ದಿನ ಅಕ್ಕ ಮನೆಯಲ್ಲಿದ್ದಳು, ನೀನಿನ್ನೂ ಕೂಸು, ತೊಡೆಯ ಮೇಲೆ ಮಲಗಿದ್ದೆ, ಬೆಳಗಿನಿಂದ ಸಂಜೆಯತನಕ ಗುಂಯ್‌ಗುಡುತ್ತಿದ್ದ ಮಿಲ್ಲು ತಟ್ಟನೆ ನಿಂತಾಗ ಊರೆಲ್ಲ ಕಿವಿ ಮುಚ್ಚಿದ ಹಾಗಾಗಿ ನೀನು ಎಚ್ಚೆತ್ತೆ, ನಿನ್ನ ಒಂದು ಕೆನ್ನೆಗೆ ಬೆವರಿನಿಂದ ಕೂದಲು ಅಂಟಿತ್ತು ಎಂದಳು. ಎಂದವಳು ಅಲ್ಲಿಗೇ ನಿಂತಳು. ಕೆನ್ನೆಗೆ ಅಂಟಿದ ಕೂದಲು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಸ್ವಿಚ್ಚಿನ ಪೆಟ್ಟಿಗೆಯೂ ಅಷ್ಟೇ ಚೆನ್ನಾಗಿ ಕಾಣುತ್ತಿತ್ತು. ಒಂದು ಮಿಲ್ಲಿನೊಳಗೆ, ಇನ್ನೊಂದು ಈ ಕೋಣೆಯೊಳಗೆ. ಎರಡೂ ಒಂದೇ ಗಳಿಗೆಯದು.

"ಇದನ್ನೂ ಅಮ್ಮ ಹೇಳ್ತಿದ್ಲು" ಎಂದಳು ಮಗಳು. "ನಾನು ಎದ್ದಿದ್ದು, ಕೆನ್ನೆಗೆ ಕೂದಲು ಅಂಟಿದ್ದು, ಎಲ್ಲ. ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತಿದ್ದೂ ತಾನೇ ಅಂತಿದ್ಲು. ದಿನಾ ಮಲಗಿಸುವಾಗ ಹೇಳ್ತಿದ್ಲು. ಅಮ್ಮ ನನ್ನ ಹತ್ರ ಸುಳ್ಳು ಹೇಳಿದ್ಲಾ?"

ಸುಳ್ಳು ಹೇಳುವ ಪೈಕಿಯವಳಲ್ಲ ಅಕ್ಕ ಅಂದುಕೊಂಡಳು ಚಿಕ್ಕಮ್ಮ. ಹಾಗಾದರೆ ಸುಳ್ಳು ಹೇಳುತ್ತಿರುವವಳು ತಾನೇ. ಆದರೆ ತಾನೂ ಹೇಳುತ್ತಿಲ್ಲವಲ್ಲ. ಕೊನೆಗೆ, ಯಾರಿಗೂ ಹೇಳುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದ ಸಂಗತಿಯನ್ನು ಹೇಳಬೇಕಾಯಿತು.

ಮಿಲ್ಲಿನವರು ಒಂದು ಮನೆಗೆ ಒಂದೇ ಕೆಲಸ ಕೊಡುತ್ತಿದ್ದರು. ಕೆಲಸವೆಂದರೆ ಒಂದು ಹಿತ್ತಾಳೆ ಬಿಲ್ಲೆ. ಅದನ್ನು ಗೇಟಿನಲ್ಲಿ ತೋರಿಸಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಈ ಮನೆಯ ಬಿಲ್ಲೆ ಅಕ್ಕನದು. ಹೆರಿಗೆಯಾದ ಮೇಲೆ ಕೂಸನ್ನು ಬಿಟ್ಟು ದಿನಾ ಹೋಗುವುದು ಅವಳಿಗೆ ಆಗಲಿಲ್ಲ. ಹೋಗದಿದ್ದರೆ ಬಿಲ್ಲೆ ಬೇರೆಯವರ ಪಾಲು. ಗಂಡ ತೀರಿಕೊಂಡು ಅಕ್ಕನ ಮನೆ ಸೇರಿದ್ದ ತಂಗಿ ಇದ್ದಳಲ್ಲ. ಇಬ್ಬರದ್ದೂ ಒಂದೇ ಎತ್ತರ, ಒಂದೇ ಒಣಕಲು ಮೈ. ಮಿಲ್ಲಿನಲ್ಲಿ ಅಕ್ಕನನ್ನು ಸೂಜಿ ಎಂದೇ ಕರೆಯುತ್ತಿದ್ದರು. ಮುಖಕ್ಕೆ ಬಟ್ಟೆ ಸುತ್ತಿದರೆ ಕಾಣುವುದು ಎರಡು ಕಣ್ಣು. ಹೀಗೆ ಒಂದು ವಾರ ಅಕ್ಕ, ಒಂದು ವಾರ ತಂಗಿ, ಒಂದೇ ಬಿಲ್ಲೆಯ ಮೇಲೆ ಒಬ್ಬಳೇ ಸೂಜಿಯಾಗಿ ದುಡಿದರು.

ಶುರುವಿನಲ್ಲಿ ಒಮ್ಮೆ ಎಡವಟ್ಟಾಯಿತು. ತಂಗಿಯ ಸರದಿಯಲ್ಲಿ ಯಾರೋ, ಹಲ್ಲುನೋವು ಹೋಯಿತೇ ಎಂದು ಕೈಸನ್ನೆಯಲ್ಲಿ ಕೇಳಿದರು. ಇವಳು ಯಾರಿಗೆ ಎಂದು ಕೇಳಿಬಿಟ್ಟಳು. ಆಮೇಲೆ, ಅದು ಹೋದ ವಾರದ ಅಕ್ಕನ ಹಲ್ಲುನೋವೆಂದು ಹೊಳೆದು, ಆ ದಿನವೆಲ್ಲ ನೋವಿಲ್ಲದ ಕೆನ್ನೆಯನ್ನು ಹಿಡಿದುಕೊಂಡೇ ಕೆಲಸ ಮಾಡಿದಳು. ಸಂಜೆಯ ಹೊತ್ತಿಗೆ ಅದು ನಿಜವಾಗಿಯೂ ನೋಯತೊಡಗಿತ್ತು. ಅಂದಿನಿಂದ ಅಕ್ಕ ಒಂದು ಕಟ್ಟಳೆ ಮಾಡಿದಳು. ಮಿಲ್ಲಿಗೆ ಹೋದವಳು ಸಂಜೆ ಬಂದು ನಡೆದದ್ದೆಲ್ಲ ಒಂದನ್ನೂ ಬಿಡದೆ ಹೇಳಬೇಕು. ಮನೆಯಲ್ಲಿದ್ದವಳು ಅದು ತನಗೇ ನಡೆದದ್ದೆಂದು ತಿರುಗಿ ಒಪ್ಪಿಸಬೇಕು. ಒಲೆಯ ಮುಂದೆ ಕೂತು ಅಕ್ಕ ಪಾಠ ಒಪ್ಪಿಸಿಕೊಳ್ಳುವವಳ ಹಾಗೆ ಕೇಳುತ್ತಿದ್ದಳು.

"ಇವತ್ತು ಮೇಸ್ತ್ರಿ ನನಗೇನಂದ?"

"ಕಣ್ಣು ಕಾಣಲ್ವಾ ನಿನಗೆ ಅಂದ."

"ನಾನೇನಂದೆ?"

"ಕಾಣ್ತವೆ, ಅದಕ್ಕೇ ನಿಮ್ಮ ಕಡೆ ನೋಡಲ್ಲ ಅಂದೆ."

ಮನೆಯ ಸಂಗತಿಯೂ ಹಾಗೆಯೇ. ಕೂಸು ಎಷ್ಟು ಹೊತ್ತು ಮಲಗಿತು, ಎಲ್ಲಿ ಬಿತ್ತು, ಯಾವ ಹಲ್ಲು ಬಂತು ಎಂದು ಮಿಲ್ಲಿನಲ್ಲಿ ಕೇಳಿದರೆ ತಾಯಿ ತಡವರಿಸಬಾರದಲ್ಲ. ಮಿಲ್ಲಿನದ್ದು ಮನೆಗೆ, ಮನೆಯದ್ದು ಮಿಲ್ಲಿಗೆ. ವರ್ಷಗಟ್ಟಲೆ ಇಬ್ಬರೂ ಹೀಗೆ ಹೇಳಿದರು, ಒಪ್ಪಿಸಿದರು.

ಮಗಳು ಬಾಯಿ ತೆರೆದು ಕೇಳುತ್ತಿದ್ದಳು. "ಹಾಗಾದ್ರೆ ಆ ದಿನ ಯಾರ ವಾರ?" ಎಂದಳು.

"ನನ್ನದೇ."

"ಹೇಗೆ ಗೊತ್ತು?"

"ನಾನೇ ಕೂತಿದ್ನಲ್ಲೇ" ಎಂದಳು ಚಿಕ್ಕಮ್ಮ. ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಾಯಿತು.

ಮಗಳು ಆ ಸಂಜೆ ಬೇಗ ಎದ್ದು ಹೋದಳು. ಅಮ್ಮನ ಅಧ್ಯಾಯವನ್ನು ಅಚ್ಚಿಗೆ ಕೊಡಬೇಕು, ಗೊತ್ತಿಲ್ಲದ್ದನ್ನು ಹೇಗೆ ಕೊಡಲಿ ಎಂದು ಮೆಟ್ಟಿಲಲ್ಲಿ ನಿಂತು ಒಮ್ಮೆ ಹೇಳಿದಳು. ಬಿರುಸಾಗಿ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಚಿಕ್ಕಮ್ಮನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಬಹಳ ಇರಲಿಲ್ಲ. ಬೇರೆಯವರ ಮನೆಯಲ್ಲಿ, ಬೇರೆಯವರ ಬಿಲ್ಲೆಯ ಮೇಲೆ, ಬೇರೆಯವರ ಕೂಸನ್ನು ಎತ್ತಿಕೊಂಡು ವಯಸ್ಸು ಕಳೆದಿತ್ತು. ಆದರೂ ಬಸ್ಸಿನ ಕಂಡಕ್ಟರ್ ಗದರಿದಾಗ, ಆಸ್ಪತ್ರೆಯ ಸಾಲಿನಲ್ಲಿ ಯಾರಾದರೂ ಹಿಂದಕ್ಕೆ ತಳ್ಳಿದಾಗ, ಅವಳು ಒಳಗೊಳಗೇ, ಮಿಲ್ಲು ನಿಲ್ಲಿಸಿದವಳು ನಾನು, ಇವನ್ಯಾವ ಲೆಕ್ಕ ಅಂದುಕೊಂಡು ಅಲ್ಲಾಡದೆ ನಿಲ್ಲುತ್ತಿದ್ದಳು. ಅದೊಂದು ಅವಳದ್ದೇ ಆಗಿತ್ತು. ಈಗ ಅದನ್ನು ಹಿಡಿಯಲು ಹೋದರೆ ಒದ್ದೆ ಸಾಬೂನಿನ ಹಾಗೆ ಜಾರುತ್ತಿತ್ತು. ಸ್ವಿಚ್ಚು ಎಳೆದದ್ದನ್ನು ನೆನೆದರೆ ಕೂಸಿನ ಮುಖ ಬಂತು. ಕೂಸನ್ನು ನೆನೆದರೆ ಮೇಸ್ತ್ರಿಯ ಮುಖ ಬಂತು. ಅಕ್ಕನನ್ನೇ ಕೇಳಿಬಿಡೋಣ ಎಂದು ಒಂದು ಸಲ ನಿಜವಾಗಿಯೂ ಅಂದುಕೊಂಡಳು. ಅಂದುಕೊಂಡ ಮೇಲೆ, ಕೇಳಿದ್ದರೂ ಅವಳು ನಾನೇ ಅನ್ನುತ್ತಿದ್ದಳು ಎಂದು ಹೊಳೆಯಿತು.

ಮಾರನೆಯ ದಿನ ಚಿಕ್ಕಮ್ಮನೇ ಮಗಳನ್ನು ಕರೆದುಕೊಂಡು ಉದ್ದಜಡೆಯ ಅಂಗಡಿಗೆ ಹೋದಳು. ಆ ದಿನ ಶೆಡ್ಡಿನ ಆ ತುದಿಯಲ್ಲಿದ್ದವರ ಪೈಕಿ ಊರಿನಲ್ಲಿ ಉಳಿದವಳು ಅವಳೊಬ್ಬಳೇ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ, ಗುಂಡಿ, ಕೊಕ್ಕೆ, ದಾರದ ಉಂಡೆ. ಕತ್ತರಿಸಿದ ಕೂದಲನ್ನು ಅವಳು ಮತ್ತೆ ಬೆಳೆಸಿರಲಿಲ್ಲ. ಕಿವಿಯ ಮೇಲಕ್ಕೇ ನಿಂತಿದ್ದ ಅದು ಈಗ ಪೂರ್ತಿ ಬಿಳಿಯಾಗಿತ್ತು. ಆದರೂ ಊರಿಗೆಲ್ಲ ಅವಳು ಉದ್ದಜಡೆಯೇ.

"ಬಾರೇ ಸೂಜಿ. ದಾರ ಬೇಕಾದ್ರೆ ಮಾತ್ರ ನೆನಪಾಗ್ತೀನಿ ನಾನು" ಎಂದು ಅವಳು ಸ್ಟೂಲು ಸರಿಸಿದಳು. ಮಗಳನ್ನು ನೋಡಿ, ಮೊನ್ನೆ ತಾನೇ ನನ್ನ ಮಾತೆಲ್ಲ ಡಬ್ಬಿಯಲ್ಲಿ ತುಂಬಿಕೊಂಡು ಹೋದೆಯಲ್ಲ, ಸಾಲದೇ ಬಂತೇ ಎಂದು ಕೇಳಿದಳು.

ಚಿಕ್ಕಮ್ಮ ಮಾತನ್ನು ಅಲ್ಲಿ ಇಲ್ಲಿ ಸುತ್ತಿಸಿ, ಬಿಲ್ಲೆಯ ವಿಷಯ ಹೇಗೆ ಎತ್ತುವುದೆಂದು ತಿಳಿಯದೆ ಗುಂಡಿಯ ಡಬ್ಬಿಯಲ್ಲಿ ಕೈಯಾಡಿಸುತ್ತಾ, ಕೊನೆಗೆ, ನಾವು ಇಬ್ಬರಿದ್ದೆವು ಎಂದಳು.

"ಗೊತ್ತಲ್ಲ" ಎಂದಳು ಉದ್ದಜಡೆ. "ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿತ್ತು. ಒಂದು ವಾರ ನಗೋ ಸೂಜಿ, ಒಂದು ವಾರ ನಗದ ಸೂಜಿ. ಮುಖ ಮುಚ್ಚಿದ್ರೆ ಕಣ್ಣು ನಗಲ್ವಾ? ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಲ್ಲ, ಪಾಪ ಅಂತ ನಾವೂ ಸುಮ್ಮನಿದ್ವಿ."

ಚಿಕ್ಕಮ್ಮನ ಕೈ ಗುಂಡಿಗಳ ನಡುವೆ ನಿಂತಿತು. ಅಷ್ಟು ವರ್ಷ ಒಲೆಯ ಮುಂದೆ ಕೂತು ಒಪ್ಪಿಸಿದ್ದೆಲ್ಲ ಯಾರಿಗಾಗಿ ಎಂದು ಕೇಳಬೇಕೆನಿಸಿತು. ಕೇಳಿದ್ದು ಬೇರೆ.

"ನಗ್ತಿದ್ದಿದ್ದು ನಾನು ತಾನೆ?"

"ನೀನೇ? ನೀನು ಬಂದ ವಾರ ನಾವು ಕೆಮ್ಮೋಕೂ ಹೆದರ್ತಿದ್ವಿ ಕಣೇ."

ಮೇಸ್ತ್ರಿಗೆ ಎದುರುಮಾತು ಕೊಟ್ಟವಳು, ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸಿದವಳು ತಾನೆಂದು ಚಿಕ್ಕಮ್ಮ ಇಷ್ಟು ದಿನ ತಿಳಿದಿದ್ದಳು. ಅವಳು ಗೋಡೆಗೆ ನೇತುಹಾಕಿದ ಸಣ್ಣ ಕನ್ನಡಿಯ ಕಡೆ ನೋಡಿದಳು. ನಗದವಳ ಮುಖವೇ ಕಂಡಿತು. ಆದರೆ ಈಗ ನಗುವುದಕ್ಕೇನಿದೆ.

ಮುಂದಿನದನ್ನು ಮಗಳೇ ಕೇಳಿದಳು. ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತವಳು ಇಬ್ಬರಲ್ಲಿ ಯಾರು?

ಉದ್ದಜಡೆ ಉಂಡೆಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಬೆಲ್ಟು ತನ್ನ ತಲೆಯನ್ನು ಎಳೆದುಕೊಂಡಿದ್ದಾಗ ಕಂಡದ್ದು ಸೂರು ಒಂದೇ ಎಂದಳು. ಆಮೇಲೆ ತನ್ನನ್ನು ಸೂಜಿಯ ತೊಡೆಯ ಮೇಲೆ ಮಲಗಿಸಿದರು. ಸೂಜಿ ಮುಖದ ಬಟ್ಟೆ ತೆಗೆಯಲಿಲ್ಲ, ತನ್ನ ಕಣ್ಣಿಗೆ ರಕ್ತ ಇಳಿದಿತ್ತು. ನಗುವ ಸೂಜಿಯೋ ನಗದ ಸೂಜಿಯೋ, ಆ ದಿನ ಯಾರು ನಗುತ್ತಾರೆ, ಹೇಗೆ ಗೊತ್ತಾಗಬೇಕು. ಇಷ್ಟು ಹೇಳಿ ಅವಳಿಗೇ ಏನೋ ನೆನಪಾಗಿ ನಗು ಬಂತು.

"ಮೇಸ್ತ್ರಿದು ಮಾತ್ರ ನೆನಪಿದೆ. ಪಾಪ, ಅವನ ಊಟದ ಡಬ್ಬಿ ಆ ಪೆಟ್ಟಿಗೆ ಮೇಲೇ ಇತ್ತಲ್ಲ. ನಮ್ಮೆಲ್ಲರ ಡಬ್ಬಿನೂ ಅಲ್ಲೇ ಬಿಸಿಗೆ ಇಟ್ಟಿದ್ವಲ್ಲ. ಊಟನಾದ್ರೂ ಕೊಡೇ ಅಂತಾನೆ, ಇವಳು ಕೊಡಲ್ಲ. ಜಾಲರಿ ತನ್ನಿ, ಊಟ ಮಾಡಿ ಅಂತಾಳೆ."

ಮಗಳೂ ನಕ್ಕಳು. ಕೊನೆಗೆ ಉದ್ದಜಡೆ, ಸೂಜಿ ಅಂತ ಬರೆದುಬಿಡು, ಇಬ್ಬರಿಗೂ ಆಯಿತು ಎಂದು ದಾರಿ ತೋರಿಸಿದಳು. ಹಾಗೂ ಮಾಡಬಹುದು ಎಂದಳು ಮಗಳು. ಆದರೆ ಅವಳ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಅಮ್ಮನಿಗೆ ಅರ್ಧ, ಚಿಕ್ಕಮ್ಮನಿಗೆ ಅರ್ಧ ಎಂದು ಹಂಚಲು ಅದೇನು ರೊಟ್ಟಿಯೇ. ಅಮ್ಮ ಸುಳ್ಳು ಹೇಳಿದಳೋ ಇಲ್ಲವೋ ಎಂಬುದು ಹಾಗೇ ಉಳಿಯುತ್ತಿತ್ತು.

ಚಿಕ್ಕಮ್ಮ ನಕ್ಕಿರಲಿಲ್ಲ. ಊಟದ ಡಬ್ಬಿಗಳ ಮಾತು ಬಂದಾಗಿನಿಂದ ಅವಳಿಗೆ ಬೇರೇನೂ ಕೇಳಿಸಿರಲಿಲ್ಲ.

ಮನೆಗೆ ಮರಳುವಾಗ ಮಿಲ್ಲಿನ ಗೋಡೆಯ ಪಕ್ಕದಲ್ಲೇ ಹಾದುಬರಬೇಕು. ಮಗಳು ಮುಂದೆ ನಡೆಯುತ್ತಿದ್ದಳು, ಇವಳು ಹಿಂದೆ. ಸ್ವಿಚ್ಚಿನ ಪೆಟ್ಟಿಗೆ ಮೋಟಾರಿಗೆ ಒತ್ತಿಕೊಂಡೇ ಇತ್ತು. ಮುಂಜಾನೆ ಮೋಟಾರು ಹಚ್ಚಿದರೆ ಸ್ವಲ್ಪ ಹೊತ್ತಿಗೆಲ್ಲ ಅದು ಕಾದಿರುತ್ತಿತ್ತು. ಹಾಗೆಂದೇ ಎಲ್ಲರೂ ಡಬ್ಬಿಗಳನ್ನು ಅದರ ಮೇಲೆ ಸಾಲಾಗಿ ಇಡುತ್ತಿದ್ದರು. ತಾನೂ ಇಟ್ಟಿದ್ದಳು, ತೆಗೆಯುವಾಗ ಬೆರಳು ಸುಟ್ಟು ಕಿವಿ ಹಿಡಿದುಕೊಂಡಿದ್ದಳು. ಇದೆಲ್ಲ ಗೊತ್ತಿದ್ದೂ, ಬೆನ್ನಿಗೆ ತಣ್ಣನೆ ಕಬ್ಬಿಣ ಹತ್ತಿತೆಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದದ್ದು ಹೇಗೆ. ಉದ್ದಜಡೆಗೆ ಆಗ ಅರ್ಧ ಪ್ರಜ್ಞೆ, ಡಬ್ಬಿಗಳ ಕಥೆ ಬೇರೆ ಯಾವುದೋ ದಿನದ್ದಿರಬಹುದು ಅಂದುಕೊಂಡು ನೋಡಿದಳು. ಆ ದಿನ ಮೋಟಾರು ತಡವಾಗಿ ಹಚ್ಚಿರಬಹುದು ಅಂದುಕೊಂಡಳು. ಯಾವುದೂ ಕೂಡಿಬರಲಿಲ್ಲ. ಮುಂದೆ ಹೋಗುತ್ತಿದ್ದವಳು ಇದನ್ನು ಗಮನಿಸಿರಲಿಲ್ಲ. ತಾನು ಬಾಯಿ ಬಿಡದಿದ್ದರೆ ಯಾರೂ ಗಮನಿಸುವುದೂ ಇಲ್ಲ.

ಮನೆಗೆ ಬಂದು ಮಗಳು ಚಹಾಕ್ಕೆ ನೀರಿಟ್ಟಳು. ಚಿಕ್ಕಮ್ಮ ಎಂದಿನ ಜಾಗದಲ್ಲಿ ಕೂತಳು. ದಿಂಬು ಆಚೆ ಬಿದ್ದಿತ್ತು. ಅದನ್ನು ಎಳೆದುಕೊಳ್ಳದೆ ಹಾಗೇ ಗೋಡೆಗೆ ಒರಗಿದಳು. ತೊಟ್ಟಿಯ ತಂಪು ಬಟ್ಟೆಯನ್ನು ದಾಟಿ ಬೆನ್ನಿಗೆ ಹತ್ತಿತು. ಮೊದಲು ಎರಡು ಹೆಗಲಿನ ನಡುವೆ, ಆಮೇಲೆ ಕೆಳಕ್ಕೆ. ಇದೇ. ಇದೇ ತಂಪು.

ಒಲೆಯ ಸದ್ದು ಬಿಟ್ಟರೆ ಮನೆಯಲ್ಲಿ ಸದ್ದಿರಲಿಲ್ಲ. ಚಹಾ ತಂದಿಟ್ಟ ಮಗಳು, ಯಾಕೆ ದಿಂಬಿಲ್ಲದೆ ಕೂತೆ, ಸೊಂಟ ಹಿಡಿಯುತ್ತದೆ ಎಂದಳು.

"ಅದು ನಿಮ್ಮಮ್ಮ" ಎಂದಳು ಚಿಕ್ಕಮ್ಮ.

"ಯಾವುದು?"

"ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತವಳು."

ಅವಳು ಕಾರಣವನ್ನೂ ಹೇಳಿದಳು. ಕಾದ ಪೆಟ್ಟಿಗೆ, ಡಬ್ಬಿಗಳು, ಈ ಗೋಡೆ. ಮಗಳು ಎದುರಿಗೆ ಕೂತು ಕೇಳಿದಳು. ಬೇಕಾದದ್ದು ಸಿಕ್ಕಿದ್ದರೂ ಅವಳಿಗೆ ಅದನ್ನು ತೆಗೆದುಕೊಳ್ಳಲು ಕೈ ಬರಲಿಲ್ಲ. ಮೋಟಾರು ನಿಂತ ಮೇಲೆ ಪೆಟ್ಟಿಗೆ ಆರಿರಬಹುದಲ್ಲ ಚಿಕ್ಕಮ್ಮ ಎಂದಳು. ಅಷ್ಟು ಬೇಗ ಆರುವುದಿಲ್ಲ ಎಂದಳು ಇವಳು. ಇಬ್ಬರೂ ಅದನ್ನು ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ಸರಿಸಿದರು. ಕೊನೆಗೆ ಅದು ಅಕ್ಕನ ಕಡೆಯೇ ನಿಂತಿತು.

ಚಹಾ ಆರಿತು. ಮಗಳು ಹತ್ತಿರ ಸರಿದು ಅದೇ ಗೋಡೆಗೆ ತಾನೂ ಒರಗಿದಳು.

"ಹಾಗಾದ್ರೆ ಮಿಲ್ಲು ನಿಂತಾಗ ನಾನು ನಿನ್ನ ತೊಡೆ ಮೇಲಿದ್ದೆ."

ಚಿಕ್ಕಮ್ಮ ಅವಳ ಕಡೆ ತಿರುಗಿದಳು. ಇದನ್ನು ಅವಳು ಇನ್ನೂ ಯೋಚಿಸಿರಲಿಲ್ಲ.

"ಇದ್ದೆ" ಎಂದಳು ನಿಧಾನವಾಗಿ. "ಇಲ್ಲೇ. ಈ ಕಡೆ ತಲೆ, ಆ ಕಡೆ ಕಾಲು."

ಮಗಳು ಫೋನು ತೆಗೆದು ಲೋಟಕ್ಕೆ ಆನಿಸಿದಳು. ಅದು ಇಲ್ಲ ಅಂದುಕೋ ಎಂದು ಈ ಸಲ ಹೇಳಲಿಲ್ಲ.

"ನಾನು ಎದ್ದು ಅತ್ತೆನಾ?"

"ಅಳಲಿಲ್ಲ. ಎದ್ದು ಕೂತೆ. ಬಾಗಿಲ ಕಡೆ ನೋಡಿದೆ, ಸೂರು ನೋಡಿದೆ. ಆಮೇಲೆ ನನ್ನ ಮುಖಾನೇ ನೋಡ್ತಾ ಕೂತುಬಿಟ್ಟೆ ನೀನು, ಆ ಸದ್ದು ನಿಲ್ಲಿಸಿದ್ದು ನಾನೇ ಅನ್ನೋ ಹಾಗೆ."